ಭಟ್ಟಿಯ ತಲೆ

ಟೂರಿಡ್ ಸೀದಾ ಯೋಸ್ಟೈನನ ಕರಿಕೋಟಿನ ಜೇಬಿಗೇ ಕೈ ಹಾಕಿ ಸೀಸೆಯನ್ನು ಹೊರಗೆಳೆದಳು.

"ಚಿಕ್ಕಪ್ಪ, ನಾಚಿಕೆ ಆಗಲ್ವಾ ನಿಮಗೆ? ಈಗಷ್ಟೇ ಅಪ್ಪನ್ನ ಮಣ್ಣು ಮಾಡಿ ಬಂದಿದೀವಿ."

"ಅದಕ್ಕೇ ತಂದಿದ್ದು ಕಣಮ್ಮ," ಎಂದ ಯೋಸ್ಟೈನ್, ಅವಳ ಅಪ್ಪನ ಹಳೆಯ ಜೊತೆಗಾರ. "ನಿಮ್ಮಪ್ಪ ಇಳಿಸಿದ್ದೇ. ಬರೀ ಕಾಫಿ ಕುಡಿದು ಕಳಿಸಿಕೊಟ್ರೆ ಓಡ್ವಾರ್ ಮೇಲಿಂದ ನನ್ನ ಬೈತಾನೆ."

"ಇದು ಪ್ರಾರ್ಥನಾ ಮಂದಿರ. ನಮ್ಮ ಮಾವನೋರು ಒಳಗೇ ಕೂತಿದಾರೆ."

ಅವಳ ಮಾವ ಆಸ್ಲಾಕ್ ಆ ಮಂದಿರದ ಹಿರಿಯ. ಕುಡಿಯುವವರ ಕೈಕುಲುಕಲೂ ಹಿಂದೆಮುಂದೆ ನೋಡುವವನೆಂದು ಹೆಸರು. ಯೋಸ್ಟೈನ್ ಏನೋ ಹೇಳಲು ಬಾಯಿ ತೆರೆದು, ಬರಿದಾದ ಜೇಬನ್ನು ಸವರಿಕೊಂಡ. ಟೂರಿಡ್ ಸೀಸೆಯನ್ನು ಮೆಟ್ಟಿಲ ಪಕ್ಕದ ಹಿಮದಲ್ಲಿ ಹುಗಿದಳು.

ಟ್ರೊಂಡೆಲಾಗ್ ಸೀಮೆಯಲ್ಲಿ ಕಾಫಿಗೆ ಮನೆಯ ಸಾರಾಯಿ ಬೆರೆಸದೆ ಯಾರ ಸಾವಿನ ಕಾರ್ಯವನ್ನೂ ಮುಗಿಸಿದ್ದಿಲ್ಲ. ಒಳಗೆ ಗಂಡಸರೆಲ್ಲ ಅಭ್ಯಾಸಬಲದಿಂದ ಅರ್ಧ ಕಪ್ ಕಾಫಿ ಹಾಕಿಸಿಕೊಂಡು, ಉಳಿದರ್ಧ ತುಂಬುವವರಿಲ್ಲದೆ ಪೆದ್ದುಪೆದ್ದಾಗಿ ಕೂತಿದ್ದರು. ಕಾನೂನು ಬೇಡವೆಂದರೂ ಕಣಿವೆಯ ಮನೆಮನೆಯಲ್ಲಿ ಭಟ್ಟಿ ಇತ್ತು. ಅದರ ಹಂಡೆಯ ಮೇಲೆ ಕೂರಿಸುವ ತಾಮ್ರದ ಕೊಳವೆಗೆ ಊರವರು ತಲೆ ಎನ್ನುತ್ತಿದ್ದರು. ಅದನ್ನು ಎಲ್ಲರಿಗೂ ಮಾಡಿಕೊಟ್ಟವನು ಓಡ್ವಾರ್. ಹೊಟ್ಟೆಪಾಡಿಗೆ ಡೇರಿಯಲ್ಲಿ ಕೊಳಾಯಿ ಕೆಲಸ. ಈಗ ಒಬ್ಬೊಬ್ಬರೇ ಎದ್ದು ಸತ್ತವನ ಬಗ್ಗೆ ಎರಡು ಮಾತಾಡುವ ಹೊತ್ತು.

"ಓಡ್ವಾರನ ಕೊಳಾಯಿ ಕೆಲಸ ಅಂದ್ರೆ ಕೆಲಸ," ಎಂದ ಒಬ್ಬ.

"ನಮ್ಮನೇದು ಇವತ್ತಿನವರೆಗೂ ಒಂದು ಹನಿ ಸೋರಿಲ್ಲ," ಎಂದ ಇನ್ನೊಬ್ಬ.

"ನಿಮ್ಮನೇಲಿ ಇನ್ನೂ ಬಾವಿ ನೀರು ಅಂದಿದ್ರಲ್ಲ?" ಊರಿಗೆ ಹೊಸಬರಾದ ಪಾದ್ರಿಗಳು ಕೇಳಿದರು.

ಎಲ್ಲರೂ ಕೇಕಿನ ಕಡೆ ನೋಡಿದರು. ಯಾರೂ ಭಟ್ಟಿಯ ಹೆಸರೆತ್ತಲಿಲ್ಲವೆಂದು ಟೂರಿಡ್‌ಗೆ ಸಮಾಧಾನವಾಯಿತು.

*

ಚಿಕ್ಕಂದಿನಲ್ಲಿ ಶಾಲೆಯ ಮಕ್ಕಳು ಅವಳ ಸ್ವೆಟರ್ ಮೂಸಿ "ಭಟ್ಟಿ ಟೂರಿಡ್" ಎಂದು ಅಣಕಿಸುತ್ತಿದ್ದರು. ಹುಳಿಹಿಟ್ಟಿನಂಥ ಆ ವಾಸನೆ ಬಟ್ಟೆಗೆ ಹತ್ತಿದರೆ ಬಿಡುತ್ತಿರಲಿಲ್ಲ. ಅವಳ ಮದುವೆ ಗೊತ್ತಾದ ಚಳಿಗಾಲದಲ್ಲಿ ಓಡ್ವಾರ್ ಹಳೆಯ ತಲೆಯನ್ನು ಕತ್ತರಿಸಿ ಹಾಕಿ, ಕೊಟ್ಟಿಗೆಯಲ್ಲಿ ಕೂತು ಹೊಸದನ್ನು ಬೆಸೆದ. ಸರಿಬರಲಿಲ್ಲ, ಬಿಚ್ಚಿದ. ಕೊಳವೆಯನ್ನು ಉದ್ದ ಮಾಡಿದ, ಹೆಂಡತಿ ಬೋರ್ಗಿಲ್ಡ್ ಪಾತ್ರೆ ಉಜ್ಜುವ ತಾಮ್ರದ ನಾರನ್ನೆಲ್ಲ ಒಳಗೆ ತುರುಕಿದ, ತುದಿಗೆ ಸುರುಳಿ ಕೂರಿಸಿ ತಣ್ಣೀರು ಹರಿಸಿದ. ಟೂರಿಡ್ ಬಾಗಿಲ ಸಂದಿಯಿಂದ ಎಲ್ಲ ನೋಡುತ್ತಿದ್ದಳು, ಹತ್ತಿರ ಹೋಗಲಿಲ್ಲ.

ಮದುವೆಯ ದಿನ ಇದೇ ಮಂದಿರದ ಬಾಗಿಲಲ್ಲಿ ಅವನು ಮಗಳ ಮುಂದೆ ಸೀಸೆಯ ಮುಚ್ಚಳ ತೆಗೆದು ಹಿಡಿದ.

"ಮೂಸಿ ನೋಡು ಮಗಳೇ. ವಾಸನೇನೇ ಇಲ್ಲ. ಇನ್ಮೇಲೆ ನಿನ್ನ ಯಾರೂ ಏನೂ ಅನ್ನಲ್ಲ."

"ಅಪ್ಪ, ದಮ್ಮಯ್ಯ, ಕಾರಲ್ಲಿ ಇಟ್ಟು ಬಾ. ಆಗಲ್ಲ ಅಂದ್ರೆ ನೀನೂ ಅಲ್ಲೇ ಇರು."

ಹೋದವನು ಕಾರಿನಲ್ಲೇ ಕೂತುಬಿಟ್ಟ. ಊಟದ ನಡುವೆ ಆಸ್ಲಾಕ್ ಬೀಗರನ್ನು ಕರೆತರುತ್ತೇನೆಂದು ಹೊರಗೆ ಹೋಗಿ, ಸಾಕಷ್ಟು ಹೊತ್ತಿನ ಮೇಲೆ ಒಬ್ಬನೇ ಬಂದ. ಮದುಮಗಳ ಅಪ್ಪ ಮಾಡಬೇಕಾದ ಭಾಷಣವನ್ನೂ ಅವನೇ ಮಾಡಿದ. ಎಂಥ ದೊಡ್ಡ ಮನಸ್ಸು ಎಂದುಕೊಂಡಿದ್ದಳು ಟೂರಿಡ್.

*

ಟೂರಿಡ್ ಕಾಫಿ ಪಾತ್ರೆ ಹಿಡಿದು ಮೂಲೆಯ ಮೇಜಿಗೆ ಬಂದಾಗ ಆಸ್ಲಾಕ್ ಯೋಸ್ಟೈನನ ಕಿವಿಗೆ ಬಾಗಿದ್ದ.

"ನಮ್ಮನೆ ತಲೆ ಸುರುಳಿ ಹತ್ರ ಸೋರ್ತಿದೆ. ಇನ್ನು ಅದಕ್ಕೆ ಬೆಸುಗೆ ಹಾಕೋರು ಯಾರಯ್ಯ?"

ಯೋಸ್ಟೈನ್ ಕಣ್ಸನ್ನೆ ಮಾಡುವ ಹೊತ್ತಿಗೆ ತಡವಾಗಿತ್ತು.

"ಮಾವ, ಅಪ್ಪ ನಿಮಗೆ ಯಾವಾಗ ಮಾಡಿಕೊಟ್ರು?"

ಆಸ್ಲಾಕನ ಮುಖ ಹುಳ್ಳಗಾಯಿತು. "ಮೆಲ್ಲಗೆ ಮಾತಾಡಮ್ಮ. ನಿನ್ನ ಮದುವೆ ಆಗಿ ನೀವು ಬೇರೆ ಮನೆ ಮಾಡಿದ್ಮೇಲೆ. ಅವತ್ತು ಕಾರಲ್ಲಿ ಒಂದು ಗುಟುಕು ಕೊಟ್ಟಿದ್ದ. ಅಂಥದ್ದನ್ನ ನಾನು ಕಂಡೇ ಇರ್ಲಿಲ್ಲ."

"ನನಗೆ ಒಂದು ಮಾತು ಹೇಳ್ಲಿಲ್ವಲ್ಲ ಅಪ್ಪ."

"ಅವನೇ ಬೇಡ ಅಂದ. ಹುಡುಗಿ ಒಳ್ಳೆ ಮನೆ ಸೇರಿದೀನಿ ಅಂತ ಹಿಗ್ತಿದಾಳೆ, ಹಾಗೇ ಇರ್ಲಿ ಬಿಡಿ ಅಂದ."

ಟೂರಿಡ್‌ಳ ಕಿವಿ, ಕತ್ತು ಎಲ್ಲ ನಾಚಿಕೆಯಿಂದ ಉರಿದವು. ಯಾರ ಮರ್ಯಾದೆಗಾಗಿ ಅಪ್ಪನನ್ನು ಹೊರಗಟ್ಟಿದಳೋ ಅವನು ಅಪ್ಪನ ಪಕ್ಕದಲ್ಲೇ ಕೂತು ಕುಡಿದು ಬಂದಿದ್ದ. ಮಾವನ ಮೇಲೆ ಸಿಟ್ಟು ಬರಲೆಂದು ಕಾದಳು, ಬರಲಿಲ್ಲ. ಬಾಗಿಲಲ್ಲಿ ಅಪ್ಪನನ್ನು ತಡೆದದ್ದು ಮಾವನಲ್ಲ, ತಾನು.

ಪಾತ್ರೆ ಕೆಳಗಿಟ್ಟು, ಎಲ್ಲರ ಮುಂದೆ ಹೋಗಿ ನಿಂತಳು.

"ನಮ್ಮಪ್ಪ ಭಟ್ಟಿ ಇಳಿಸ್ತಿದ್ರು. ಇಲ್ಲಿರೋ ಎಷ್ಟೋ ಮನೆಗೆ ಅವರೇ ತಲೆ ಮಾಡಿಕೊಟ್ಟಿದಾರೆ. ಅವರು ಇರೋವರೆಗೂ ನಾನು ಅದನ್ನ ಹೇಳಿಕೊಳ್ಳಲಿಲ್ಲ. ನಾಚಿಕೆ ಪಡ್ತಿದ್ದೆ."

ಯಾರದೋ ಚಮಚ ಬಿತ್ತು. ಪಾದ್ರಿಗಳು ಎಲ್ಲರ ಮುಖ ನೋಡಿದರು. ಒಬ್ಬರೂ ತಲೆ ಎತ್ತಲಿಲ್ಲ. ಆಗ ಆಸ್ಲಾಕ್ ಎದ್ದು, ಎದೆ ತುಂಬ ಉಸಿರೆಳೆದು ಕೀರ್ತನೆ ಶುರುಮಾಡಿದ. ಬದುಕಿದೆವು ಎಂಬಂತೆ ಎಲ್ಲರೂ ದನಿಗೂಡಿಸಿದರು. ಆ ಮಂದಿರದಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಯಾವತ್ತೂ ಹಾಡಿರಲಿಲ್ಲ.

ಟೂರಿಡ್ ನಿಲ್ಲಿಸಲಿಲ್ಲ. ಆವಿ ಮೇಲೆ ಹೋಗುತ್ತೆ, ಅಪ್ಪ ಅದನ್ನ ಅಷ್ಟು ಬೇಗ ಹೊರಗೆ ಬಿಡ್ತಿರ್ಲಿಲ್ಲ, ತಣ್ಣಗಾಗಿ ಮತ್ತೆ ಒಳಗೇ ಬೀಳುತ್ತೆ, ಮತ್ತೆ ಏರುತ್ತೆ, ಏರಿದಷ್ಟು ಸಲವೂ ಹೊಲಸು ಕೆಳಗೇ ಉಳಿಯುತ್ತೆ ಎಂದು ಹೇಳುತ್ತಲೇ ಹೋದಳು. ಹಾಡಿನಡಿ ಒಂದು ಮಾತೂ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಬೋರ್ಗಿಲ್ಡ್‌ಗೆ ಕಂಡದ್ದು ಮಗಳ ಕೈ ಮಾತ್ರ: ಮೇಲಕ್ಕೆ ಹೋಗಿ, ಬಾಗಿ, ಕೆಳಗಿಳಿದು, ಮತ್ತೆ ಮೇಲಕ್ಕೆ. ಮುದುಕಿ ಹಾಡುವುದನ್ನು ಬಿಟ್ಟು, ಆ ಕೈಯನ್ನೇ ನೋಡುತ್ತ, ಹೌದು ಹೌದೆಂದು ತಲೆಯಾಡಿಸತೊಡಗಿದಳು.