ಇಂಗ್ಲಿಷ್ ಬಾರದವರ ಕೋಣೆ

ಮಗಳ ಶಾಲೆಯ ಅರ್ಜಿಯಲ್ಲಿ ಮನೆಮಾತು ಯಾವುದೆಂದು ಕೇಳಿದ್ದಕ್ಕೆ ಪೆಟ್ರೋನಾ ಏಳು ವರ್ಷದ ಹಿಂದೆ 'ಮಾಮ್' ಎಂದು ಬರೆಸಿದ್ದಳು. ಗ್ವಾಟೆಮಾಲಾದ ಬೆಟ್ಟದಲ್ಲಿ ಹುಟ್ಟಿದಾಗಿನಿಂದ ಆಡಿದ ಮಾತು ಅದು, ಬೇರೇನು ಬರೆಸಬೇಕಿತ್ತು? ಅಮೆರಿಕದ ಮಾಂಸದ ಕಾರ್ಖಾನೆಯಲ್ಲಿ ಜೊತೆಗೆ ಚಾಕು ಹಿಡಿಯುವ ಹೆಂಗಸರು ಬಡಕೊಂಡಿದ್ದರು: "ಇಂಗ್ಲಿಷ್ ಅಂತ ಬರ್ಸೇ! ಕ್ಯಾನ್ಸಸ್‌ನಲ್ಲಿ ನಿನ್ನ ಮಾಮ್ ಯಾರಿಗೆ ಬೇಕು?" ಈಕೆ ಸುಳ್ಳು ಹೇಳಲಿಲ್ಲ. ನಿಜ ಹೇಳಿದ ತಪ್ಪಿಗೆ ಶಿಕ್ಷೆ ಮಗಳಿಗಾಯಿತು.

ಕ್ಯಾನ್ಸಸ್‌ನಲ್ಲೇ ಹುಟ್ಟಿದ ಒಡಿಲಿಯಾ ಏಳನೇ ತರಗತಿಗೆ ಬಂದರೂ ಇಂಗ್ಲಿಷ್ ಬಾರದವರ ಕೋಣೆಯಲ್ಲೇ ಕೂತಿದ್ದಳು. ಪದಕ್ಕೆ ಅರ್ಥ ಹೊಂದಿಸು, ನಾಮಪದದ ಕೆಳಗೆ ಗೆರೆ ಎಳೆ, ವರ್ತಮಾನವನ್ನು ಭೂತಕ್ಕೆ ತಿರುಗಿಸು, ವರ್ಷವಿಡೀ ಅದೇ ರಾಗ. ಮೊನ್ನೆ ತಾನೇ ಬಂದಿಳಿದ ಮಕ್ಕಳಿಗೆ ಅದನ್ನೆಲ್ಲ ಹೇಳಿಕೊಡುವವಳೂ ಅವಳೇ. ಅದೇ ಹೊತ್ತಿಗೆ ಕೆಳಗಡೆ ಬ್ಯಾಂಡಿನ ತರಗತಿ. ಟ್ರಂಪೆಟ್ ಊದಬೇಕೆಂದು ಹುಡುಗಿಗೆ ಜೀವ ಹೋಗುವಷ್ಟು ಆಸೆ. ಈ ಕೋಣೆ ಬಿಡದೆ ಅದು ಸಿಗುವಂತಿರಲಿಲ್ಲ.

ಬಿಡುಗಡೆಗೆ ವರ್ಷಕ್ಕೊಂದು ಪರೀಕ್ಷೆ. ಓದು, ಬರಹ ಅವಳಿಗೆ ನೀರು ಕುಡಿದಷ್ಟು ಸಲೀಸು. ಮಾತಿನ ಭಾಗದಲ್ಲಿ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿಗೆ ಉದ್ದುದ್ದ ಉತ್ತರ ಹೇಳಬೇಕು. ದೊಡ್ಡವರು ಕೇಳಿದರೆ ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಬೇಕೆಂದು ಪೆಟ್ರೋನಾ ಕಲಿಸಿದ್ದಳು. ಯಂತ್ರದೊಳಗಿಂದ ಪ್ರಶ್ನೆ ಕೇಳುವ ಹೆಂಗಸಿಗೂ ಹುಡುಗಿ ಅದೇ ಮರ್ಯಾದೆ ಕೊಟ್ಟಳು. ಈ ಸಲವೂ ನಪಾಸು.

ಪೆಟ್ರೋನಾ ಕೆಲಸಕ್ಕೆ ರಜೆ ಹಾಕಿ ಶಾಲೆಗೆ ಬಂದಳು. ಫೋನಿನಲ್ಲಿ ಸಿಕ್ಕ ದುಭಾಷಿಗೆ ಮಾಮ್ ಬರುತ್ತಿರಲಿಲ್ಲ. ಟೀಚರ್ ಹಾಲ್ವರ್ಸನ್ ಸಂಕೋಚಪಟ್ಟುಕೊಂಡೇ ಒಡಿಲಿಯಾಳನ್ನು ದುಭಾಷಿಯಾಗಿ ಕರೆಸಿದರು.

"ಆವತ್ತು ಬರ್ಸಿದ್ದನ್ನ ಅಳಿಸಿಬಿಡಿ ಅಂತ ಹೇಳೇ. ನಂದೇ ತಪ್ಪು ಅನ್ನು," ಎಂದಳು ಪೆಟ್ರೋನಾ.

ತನ್ನ ಮಾತಾಗಿದ್ದರೆ ಒಡಿಲಿಯಾ ಅಷ್ಟು ಬಾಯಿ ಬಿಡುತ್ತಿರಲಿಲ್ಲ. ಅಮ್ಮನ ಮಾತು ನೋಡಿ, ಏಳು ವರ್ಷದ ಸಂಕಟವನ್ನೆಲ್ಲ ಒಂದೂ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು.

ಟೀಚರ್ ಕಣ್ಣೊರೆಸಿಕೊಂಡರು. "ನಿಂಗೆ ಬರುತ್ತೆ ಅಂತ ನಂಗೊತ್ತಿಲ್ವಾ ಮಗು? ನನ್ನ ಕೈಲಿ ಏನೂ ಇಲ್ಲ. ಅರ್ಜಿ ತಿದ್ದಿದ್ರೂ ಅಷ್ಟೇ, ಪರೀಕ್ಷೇಲಿ ಅಂಕ ಬಂದ್ರೇನೇ ಬಿಡೋದು. ಅಮ್ಮಂಗೆ ಹೇಳು."

ಒಡಿಲಿಯಾ ಅಮ್ಮನ ಕಡೆ ತಿರುಗಿದಳು. "ನಂಗೆ ಇಂಗ್ಲಿಷ್ ಸಾಲ್ದಂತೆ ಅಮ್ಮ. ಇನ್ನೂ ಒಂದು ವರ್ಷ ಇಲ್ಲೇ ಅಂತೆ."

"ಯಾರಂದದ್ದು? ಈಗ ಪಟಪಟ ಅಂತ ಮಾತಾಡಿದ್ದೇನು ಮತ್ತೆ, ಕೋಳಿ ಭಾಷೆಯಾ?"

"ಅವ್ರಿಗೂ ಗೊತ್ತಂತೆ. ಆದ್ರೂ ಆಗಲ್ವಂತೆ."

ಪೆಟ್ರೋನಾಗೆ ಮೇಜು ಗುದ್ದಬೇಕೆನಿಸಿತು. ಗುದ್ದಿ ಯಾರನ್ನು ಬೈಯುವುದು? ಎದುರಿಗಿದ್ದ ಟೀಚರೇ ಅಳುತ್ತಿದ್ದರು.

ಟೀಚರ್ ಒಂದು ಕಾಗದ ಮುಂದೆ ಸರಿಸಿದರು. ಮಗುವಿಗೆ ಇಂಗ್ಲಿಷ್ ಸಾಲದೆಂಬುದನ್ನು ತಾಯಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ಅದರಲ್ಲಿತ್ತು. ಪೆಟ್ರೋನಾ ತುಟಿ ಕಚ್ಚಿಕೊಂಡು ಹೆಸರು ಗೀಚಿದಳು. ಕೆಳಗೆ, ವಿವರಿಸಿದ ದುಭಾಷಿಯ ರುಜುವಿಗೆಂದು ಇನ್ನೊಂದು ಗೆರೆ ಇತ್ತು. ಒಡಿಲಿಯಾ ಪೆನ್ನು ತೆಗೆದುಕೊಂಡು ಅಲ್ಲಿ ತನ್ನ ಹೆಸರು ಬರೆದಳು.