ಮೂರು ಕೂಗು

ಕೋರ್ಟಿನ ಜವಾನನಿಗೆ ಎಲ್ಲರೂ ಇಟ್ಟ ಹೆಸರು ಗಂಟೆ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಮೂರನೆಯ ಕೂಗಿಗೂ ಬಾರದಿದ್ದರೆ ಅವರ ಮಾತು ಕೇಳದೆಯೇ ಆದೇಶವಾಗುತ್ತಿತ್ತು. ತನ್ನ ಗಂಟಲಿನ ಬಗ್ಗೆ ಅವನಿಗೆ ಇನ್ನಿಲ್ಲದ ಜಂಬ. ಒಂದು ಮೈಕು ತರಿಸೋಣವೆಂದು ಗುಮಾಸ್ತರು ಅಂದದ್ದಕ್ಕೆ ವಾರಗಟ್ಟಲೆ ಅವರಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಅಂದು ಬೆಳಗ್ಗೆ ಎದ್ದರೆ ಆ ಗಂಟಲೇ ಕೈಕೊಟ್ಟಿತ್ತು.

"ರಜಾ ಹಾಕ್ರೀ" ಅಂದಳು ಹೆಂಡತಿ.

"ನಾನಿಲ್ದೆ ಕೋರ್ಟ್ ನಡೆಯುತ್ತಾ?" ಎಂದು ಪಿಸುಗುಟ್ಟಿ, ಬಿಸಿನೀರು ಕುಡಿದು ಹೊರಟ. ಅವನಿಲ್ಲದಿದ್ದರೂ ನಡೆಯುತ್ತಿತ್ತು, ಆ ಮಾತು ಬೇರೆ.

ಗೇಟಿನ ಬಳಿ ಟೈಲರ್ ಅಕ್ಕ ಸಿಕ್ಕಳು. ಅವಳ ಹೊಲಿಗೆ ಅಂಗಡಿ ಖಾಲಿ ಮಾಡಿಸಲು ಕಟ್ಟಡದ ಮಾಲೀಕ ದಾವೆ ಹೂಡಿದ್ದ. ವಕೀಲರನ್ನಿಡುವ ಶಕ್ತಿಯಿಲ್ಲದೆ ತನ್ನ ಮಾತು ತಾನೇ ಹೇಳಲು ಬಂದಿದ್ದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಆ ಮರದ ಕೆಳಗೆ ಕೂತಿರ್ತೀನಿ ಅಣ್ಣಾ. ನಿಮ್ಮ ಕೂಗು ಬೀದಿವರೆಗೂ ಕೇಳುತ್ತೆ ಅಂತ ಹೋದ್ಸಲ ನೀವೇ ಹೇಳಿದ್ರಲ್ಲ."

ಅವನು ತಲೆಯಾಡಿಸಿದ. ಬಾಯಿಬಿಟ್ಟರೆ ಬಣ್ಣ ಬಯಲಾಗುತ್ತಿತ್ತು.

ಅವಳ ಸರದಿ ಬಂತು. ಕೂಗಿದ. ಬಾಗಿಲಿಗೆ ಒರಗಿ ನಿಂತವರೂ ತಿರುಗಿ ನೋಡಲಿಲ್ಲ. ಇನ್ನೆರಡು ಸಲವೂ ಅದೇ ಪಾಡು. ಒಳಗೆ ಬಂದು, ಇಲ್ಲವೆಂದು ಕೈಯಾಡಿಸಿದ. ಪ್ರತಿವಾದಿ ಗೈರುಹಾಜರು ಎಂದು ನ್ಯಾಯಾಧೀಶರು ಆದೇಶ ಬರೆಸತೊಡಗಿದರು.

ಕಿಟಕಿಯಾಚೆ ಅವಳು ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆಗೇ ಕಿವಿಗೊಟ್ಟು ಕೂತಿದ್ದಳು. ತನ್ನ ಜಂಬಕ್ಕೆ ಅವಳ ಅಂಗಡಿ ಹೋಗುತ್ತಿತ್ತು. ನೇರ ಮುಂದೆ ಹೋಗಿ ಕೈಮುಗಿದ.

"ಸ್ವಾಮೀ, ತಪ್ಪಾಯ್ತು."

"ಏನಂದ್ರಿ? ಜೋರಾಗಿ ಹೇಳಿ."

"ಅದೇ ಸ್ವಾಮಿ, ಆಗ್ತಿಲ್ಲ."

ವಕೀಲರೆಲ್ಲ ಗೊಳ್ಳೆಂದು ನಕ್ಕರು. ನ್ಯಾಯಾಧೀಶರು ನಗಲಿಲ್ಲ.

"ಹಾಗಾದ್ರೆ ಅವರನ್ನ ಕೂಗೇ ಇಲ್ವಾ?"

"ಕೂಗ್ದೆ ಸ್ವಾಮಿ. ಯಾರಿಗೂ ಕೇಳಿಸ್ಲಿಲ್ಲ. ಆಯಮ್ಮ ಹೊರಗೇ ಇದಾರೆ."

ಮಾಲೀಕನ ವಕೀಲರು ಆಕ್ಷೇಪಣೆಗೆ ಏಳುವಷ್ಟರಲ್ಲಿ ನ್ಯಾಯಾಧೀಶರು ಟೈಪಿಸ್ಟರ ಕಡೆ ತಿರುಗಿದ್ದರು. "ಅದನ್ನ ಹೊಡೆದುಹಾಕಿ. ಕರೀದೇ ಇದ್ದವರನ್ನ ಬರಲಿಲ್ಲ ಅನ್ನೋಕಾಗಲ್ಲ." ಮತ್ತೆ ಜವಾನನಿಗೆ, "ನಿಮ್ಮ ವಿಚಾರ ಸಂಜೆ ನೋಡ್ತೀನಿ. ಈಗ ಅವರನ್ನ ಕರ್ಕೊಂಡು ಬನ್ನಿ."

ಸಂಜೆ ಏನು ಕಾದಿದೆಯೋ ಎಂಬ ಅಳುಕಿನಲ್ಲೇ ಮರದವರೆಗೆ ಓಡಿದ. ಅವಳು ಗಡಬಡಿಸಿ ಎದ್ದಳು.

"ಅಯ್ಯೋ, ಇಷ್ಟು ದೂರ ನೀವ್ಯಾಕೆ ಬರೋಕೆ ಹೋದ್ರಿ ಅಣ್ಣಾ? ಅಲ್ಲಿಂದಲೇ ಒಂದು ಕೂಗು ಹಾಕಿದ್ರೆ ಬರ್ತಿದ್ನಲ್ಲ!"