ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು

ಊರಿಗಾಂ ಚಿನ್ನದ ಗಣಿಯ ಕೂಲಿಗಳಿದ್ದ ಹಳೇ ಬಿದಿರುತಟ್ಟಿ ಮನೆಗಳ ಲೈನಿನಲ್ಲಿ ಕದಿರಮ್ಮನ ಬಾಗಿಲಿಗೆ ಎದುರು ಬಾಗಿಲು ನರಸಮ್ಮನದು. ಒಬ್ಬಳು ಒಗ್ಗರಣೆ ಹಾಕಿದರೆ ಇನ್ನೊಬ್ಬಳಿಗೆ ಸೀನು ಬರುತ್ತಿತ್ತು. ಗಂಡಂದಿರು ಗಣಿಗೆ ಇಳಿದ ಮೇಲೆ ನೀರಿಗೋ ಅಂಗಡಿಗೋ ಹೊರಟ ಹೆಂಗಸು "ಅಕ್ಕಾ, ಮನೆ ನೋಡ್ಕೋ" ಎಂದು ಎದುರುಮನೆಗೆ ಒಂದು ಮಾತು ಹೇಳಿ ಹೋಗುವುದು ರೂಢಿ. ಗುರುತಿಲ್ಲದವನು ಲೈನಿಗೆ ಕಾಲಿಟ್ಟರೆ ಹತ್ತು ಬಾಯಿ ವಿಚಾರಿಸುತ್ತಿದ್ದವು.

೧೯೬೦ರ ಸುಮಾರಿಗೆ ಇಟ್ಟಿಗೆಯ ಹೊಸ ಲೈನು ಎದ್ದಿತು. ಹೆಂಚು, ಸಿಮೆಂಟು ನೆಲ, ಎಲ್ಲಾ ಭೇಷಾಗಿಯೇ ಇತ್ತು. ನಕ್ಷೆ ಬರೆದ ಮಹಾನುಭಾವ ಮಾತ್ರ ಒಂದು ಗೋಡೆ ಉಳಿಸುವ ಆಸೆಗೆ ಮನೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ಒಂದು ಸಾಲಿನ ಬಾಗಿಲನ್ನು ರಸ್ತೆಗೂ ಇನ್ನೊಂದು ಸಾಲಿನದನ್ನು ಕಕ್ಕಸಿನ ಎತ್ತರದ ಗೋಡೆಗೂ ತಿರುಗಿಸಿದ್ದ. ನರಸಮ್ಮನಿಗೆ ರಸ್ತೆ ಕಡೆಯ ಮನೆ ಸಿಕ್ಕಿತು, ಕದಿರಮ್ಮನಿಗೆ ಅದರ ಬೆನ್ನಿಗಿದ್ದ, ಕಕ್ಕಸಿನ ಗೋಡೆ ಕಡೆಯದು. ನಡುಗೋಡೆ ಹೆಂಚಿನ ತನಕ ಮುಟ್ಟದೆ ಇದ್ದುದರಿಂದ ಮಾತು ಮಾತ್ರ ದಾಟುತ್ತಿತ್ತು.

ಒಂದು ಮಧ್ಯಾಹ್ನ ಕದಿರಮ್ಮ ಕೊಡ ಎತ್ತಿಕೊಂಡು, ರೂಢಿಯಂತೆ ಗೋಡೆಗೇ "ಅಕ್ಕಾ, ಮನೆ ನೋಡ್ಕೋ" ಅಂದಳು. ಆ ಕಡೆಯಿಂದ ನರಸಮ್ಮ, ಅವಳೂ ರೂಢಿಯಂತೆ, ಹೂಂ ಅಂದಳು. ನೀರು ತರುವಷ್ಟರಲ್ಲಿ ಹೊಲಿಗೆಯ ಕೈಮಷೀನು ಕಳುವಾಗಿತ್ತು. ಲೈನಿನವರ ರವಿಕೆ ಹೊಲಿದು ಅವಳು ಹೊಟ್ಟೆ ಹೊರೆಯುತ್ತಿದ್ದದ್ದು ಅದರಿಂದಲೇ. ಕದಿರಮ್ಮ ಕೊಡ ಇಳಿಸಿ, ಪೊಲೀಸರಿಗೆ ದೂರು ಕೊಟ್ಟಳು.

ಮನೆ ಯಾರಿಗೆ ಒಪ್ಪಿಸಿ ಹೋಗಿದ್ದೆ ಎಂದು ವಿಚಾರಣೆಗೆ ಬಂದ ದಫೇದಾರ ಕೇಳಿದ. ನರಸಕ್ಕನಿಗೆ ಅಂದಳು. ಇದ್ದದ್ದನ್ನೇ ಹೇಳಿದ್ದಳು. ಹಾಗಾದರೆ ಮನೆ ಖಾಲಿಯೆಂದು ಗೊತ್ತಿದ್ದದ್ದು ಆ ಮನೆಯವರಿಗೇ ಎಂದು, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರಸಮ್ಮನ ಗಂಡ ಆರುಮುಗಂನನ್ನು ಅವನು ಎಬ್ಬಿಸಿ ಠಾಣೆಗೆ ಕರೆದುಕೊಂಡು ಹೋದ.

ಕದಿರಮ್ಮ ಠಾಣೆಗೆ ಓಡಿದಳು. ಅವರ ಮನೆಯಿಂದ ನನ್ನ ಬಾಗಿಲು ಕಾಣುವುದೇ ಇಲ್ಲ, ಅವರನ್ನು ಬಿಟ್ಟುಬಿಡಿ ಎಂದು ಕೈ ಮುಗಿದಳು.

"ಕಾಣ್ದೇ ಇದ್ರೆ ಅವಳಿಗ್ಯಾಕಮ್ಮಾ ಒಪ್ಪಿಸ್ದೆ?" ಎಂದ ದಫೇದಾರ.

 ತಟ್ಟಿ ಮನೆಗಳ ಲೈನಿನಲ್ಲಿ ಹನ್ನೆರಡು ವರ್ಷ ಎದುರುಬದುರು ಬಾಳಿದ್ದನ್ನು ಅವನಿಗೆ ಹೇಗೆ ವಿವರಿಸುವುದು? ಕದಿರಮ್ಮ ಮನೆಗೆ ಬಂದಳು.

ಮೂರನೆಯ ದಿನ ಯಾರೋ ಹೊರಗಿನವನೊಬ್ಬ ಮಷೀನು ಸಮೇತ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ. ಮಷೀನು ಮನೆಗೆ ಬಂತು, ಆರುಮುಗಂ ಕೂಡ ಬಂದ. ಠಾಣೆಯಲ್ಲಿ ಬಿದ್ದ ಏಟಿಗೆ ಬಲಗೈ ಊದಿಕೊಂಡು, ಅವನು ಗಣಿಗೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ.

ಕದಿರಮ್ಮ ಕ್ಷಮೆ ಕೇಳಲು ಹೊರಟಳು. ಕಕ್ಕಸು ದಾಟಿ, ಲೈನಿನ ತುದಿ ಮುಟ್ಟಿ, ರಸ್ತೆಗೆ ತಿರುಗಿ, ಅಷ್ಟೂ ಮನೆಗಳ ಮುಂದೆ ನಡೆದು ಬಂದಳು. ಗಂಡನ ಕೈಗೆ ಅರಿಶಿನದ ಬಿಸಿ ಪಟ್ಟು ಹಾಕುತ್ತಿದ್ದ ನರಸಮ್ಮ ತಲೆ ಎತ್ತಲಿಲ್ಲ. ಕದಿರಮ್ಮ ತಪ್ಪಾಯಿತು ಅಂದಳು. ನರಸಮ್ಮ ಪಟ್ಟಿನ ಬಟ್ಟೆ ಬಿಗಿದು ಕಟ್ಟಿದಳು.

"ನಿನ್ ಮೇಲೆ ಕೋಪ ಮಾಡ್ಕೊಳಕ್ಕೂ ಆಗ್ತಾ ಇಲ್ಲ ಕಣೇ ಕದಿರೂ," ಎಂದಳು ಕೊನೆಗೆ ನರಸಮ್ಮ. "ಇಷ್ಟು ದೂರ ಸುತ್ತಾಕ್ಕೊಂಡು ಇನ್ಮೇಲೆ ಬರ್ಬೇಡ. ಮನೆ ನೋಡ್ಕೋ ಅಂತ ಗೋಡೆಗೂ ಹೇಳ್ಬೇಡ."

ಕದಿರಮ್ಮ ತಲೆಯಾಡಿಸಿ, ಬಂದ ದಾರಿಯಲ್ಲೇ ಸುತ್ತಿಕೊಂಡು ಹೊರಟಳು.